ಶೆನ್ ಸರ್ ಓದಿದ ಮೊದಲ ಕನ್ನಡ ಪದ

ಪರ್ತ್‌ನ ನಮ್ಮ ಹಿತ್ತಿಲಿನ ಹಾಗಲ ಬಳ್ಳಿ ಈ ಬೇಸಿಗೆಯಲ್ಲಿ ಬೇಲಿ ದಾಟಿ ಪಕ್ಕದ ಮನೆಯವರು ಬಟ್ಟೆ ಒಣಹಾಕುವ ತಂತಿಯವರೆಗೂ ಹೋಗಿಬಿಟ್ಟಿದೆ. ಮೊನ್ನೆ ಭಾನುವಾರ ಬೆಳಿಗ್ಗೆ ಅದನ್ನು ಹಿಂದಕ್ಕೆ ಎಳೆದು ಕಟ್ಟುತ್ತಿದ್ದಾಗ ಒಂದಷ್ಟು ಎಲೆಗಳು ಅಂಗೈಯಲ್ಲಿ ಹಿಸುಕಿಹೋದವು. ಆ ಹಸಿ ಘಾಟು ಮೂಗಿಗೆ ಬಡಿದದ್ದೇ ತಡ, ನಾನು ಅಡಿಲೇಡ್‌ನಲ್ಲಿದ್ದೆ. ಕಿಲ್ಬರ್ನ್‌ನ ಒಂದು ಹಳೆಯ ಇಟ್ಟಿಗೆ ಮನೆಯ ಹಿಂದೆ, ಆಳೆತ್ತರದ ಚಪ್ಪರದ ಕೆಳಗೆ, ಒಬ್ಬ ತೆಳ್ಳಗಿನ ಮನುಷ್ಯನ ಪಕ್ಕದಲ್ಲಿ ಬುಟ್ಟಿ ಹಿಡಿದು ನಿಂತಿದ್ದೆ. ಕೈಯಲ್ಲಿದ್ದ ದಾರ ಹಾಗೇ ಬಿಟ್ಟು ಸ್ವಲ್ಪ ಹೊತ್ತು ಅಲ್ಲೇ ಕೂತೆ.

ಈಗ ನಾನು ಪಾಠ ಹೇಳಿ ಜೀವನ ಮಾಡುತ್ತಿದ್ದರೆ, ಮಾತಾಡಬೇಕಾದ ಕಡೆ ಬಾಯಿಬಿಟ್ಟು ಮಾತಾಡುತ್ತಿದ್ದರೆ, ಅದು ಅಡಿಲೇಡ್‌ನ ಆ ಒಂದು ವರ್ಷದಿಂದ.

ಆಗ ನನಗೆ ಮೂವತ್ತೆಂಟು. ಮೈಸೂರಿನ ಕಾಲೇಜೊಂದರಲ್ಲಿ ಹತ್ತು ವರ್ಷ ಕಂಪ್ಯೂಟರ್ ಸೈನ್ಸ್ ಪಾಠ ಮಾಡಿದ್ದವಳು, ಗಂಡ ಪ್ರಶಾಂತ್‌ಗೆ ಅಡಿಲೇಡ್‌ನ ಒಂದು ಆಸ್ಪತ್ರೆಯಲ್ಲಿ ಅರಿವಳಿಕೆ ವೈದ್ಯರ ಕೆಲಸ ಸಿಕ್ಕಾಗ ಮಗಳು ಇಂಚರಳ ಕೈ ಹಿಡಿದು ಹೊರಟುಬಂದಿದ್ದೆ. ಬಂದಮೇಲೆ ಎರಡು ವರ್ಷ ಮನೆಯಲ್ಲೇ ಕೂತೆ. ಅರ್ಜಿ ಹಾಕಿದ ಕಡೆಯಿಂದೆಲ್ಲ ಬರುತ್ತಿದ್ದದ್ದು ಒಂದೇ ಉತ್ತರ: ಇಲ್ಲಿ ಕೆಲಸ ಮಾಡಿದ ಅನುಭವ ಇಲ್ಲ. ಕೊನೆಗೆ ಊರಂಚಿನ ಮಾಸನ್ ಲೇಕ್ಸ್‌ನ ಯೂನಿವರ್ಸಿಟಿ ಕ್ಯಾಂಪಸ್ಸಿನಲ್ಲಿ ಪಿಎಚ್‌ಡಿ ಮಾಡುತ್ತೇನೆಂದು ನಾಲ್ಕು ಪ್ರೊಫೆಸರ್‌ಗಳಿಗೆ ಬರೆದೆ. ಕರೆದು ಮಾತಾಡಿಸಿದವರು ಶೆನ್ ಒಬ್ಬರೇ. ನನ್ನ ಅಂಕಪಟ್ಟಿಗಳನ್ನು ಅವರು ತೆರೆದು ನೋಡಲೂ ಇಲ್ಲ.

"ನಿನಗೆ ನಿಜವಾಗಿ ಸಿಟ್ಟು ಬರಿಸೋ ಲೆಕ್ಕ ಯಾವುದು?" ಎಂದು ಕೇಳಿದರು.

ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. "ನನ್ನ ಗಂಡನ ಆಸ್ಪತ್ರೆಯ ಡ್ಯೂಟಿ ಪಟ್ಟಿ."

ಅವರು ಕುರ್ಚಿ ಹಿಂದಕ್ಕೆ ವಾಲಿಸಿ ನಕ್ಕರು. ಯಾರಿಗೆ ಯಾವ ಪಾಳಿ ಎಂದು ಹಂಚುವ ಲೆಕ್ಕವೇ ಅವರ ಜೀವಮಾನದ ಕೆಲಸ ಎಂಬುದು ನನಗೆ ಗೊತ್ತಿತ್ತು. ಅವರನ್ನು ಮೆಚ್ಚಿಸಲು ಹಾಗೆ ಹೇಳಿದ್ದಲ್ಲ ಎಂಬುದು ಅವರಿಗೂ ಗೊತ್ತಾಗಿತ್ತು ಅಂದುಕೊಂಡಿದ್ದೇನೆ.

ನಾವು ಮಾತಾಡುತ್ತಿದ್ದದ್ದೆಲ್ಲ ಇಂಗ್ಲಿಷಿನಲ್ಲೇ. ಆದರೆ ನನ್ನ ನೆನಪಿನಲ್ಲಿ ಅವರು ಕನ್ನಡದಲ್ಲೇ ಮಾತಾಡುತ್ತಾರೆ, ಅದೂ ನನ್ನನ್ನು 'ನೀನು' ಎಂದು. ಹೆಸರು ಹಿಡಿದು 'ಬೋ' ಎಂದು ಕರೆ ಎಂದು ಅವರು ಎಷ್ಟು ಸಲ ಹೇಳಿದರೂ ನನಗೆ ನಾಲಿಗೆ ಏಳಲಿಲ್ಲ. ಕೊನೆಯವರೆಗೂ ಶೆನ್ ಸರ್ ಎಂದೇ ಕರೆದೆ.

ನಾನು ಹೇಳುತ್ತಿರುವುದು ಪಿಎಚ್‌ಡಿಯ ಎರಡನೇ ವರ್ಷದ ಮಾತು. ಅದು ಶೆನ್ ಸರ್ ಅವರ ನೌಕರಿಯ ಕೊನೆಯ ವರ್ಷವೂ ಹೌದು. ಆ ಫೆಬ್ರವರಿಯಲ್ಲಿ ಬಿಸಿಲು ಹೇಗಿತ್ತೆಂದರೆ, ಸ್ಟೇಷನ್ನಿನಿಂದ ಕ್ಯಾಂಪಸ್ಸಿಗೆ ನಡೆಯುವಷ್ಟರಲ್ಲಿ ಚಪ್ಪಲಿಯ ಅಡಿ ಬಿಸಿಯಾಗುತ್ತಿತ್ತು. ಕೆರೆಯ ಬಾತುಕೋಳಿಗಳು ಕಾಲುಸೇತುವೆಯ ನೆರಳು ಬಿಟ್ಟು ಅಲುಗಾಡುತ್ತಿರಲಿಲ್ಲ. ಅಂಥ ಒಂದು ಶನಿವಾರ ಶೆನ್ ಸರ್ ನಮ್ಮನ್ನು ಕಿಲ್ಬರ್ನ್‌ನ ತಮ್ಮ ಮನೆಗೆ ಕರೆದರು. "ಹಾಗಲಕಾಯಿ ತಿನ್ನೋ ಜನ ಈ ಬೀದೀಲಿ ನಾವಿಬ್ಬರೇ. ಬಂದು ಸ್ವಲ್ಪ ಖಾಲಿ ಮಾಡಿ."

ಅವರ ಹೆಂಡತಿ ಮೇ ಆಂಟಿ ಗಿಡ್ಡಗೆ, ಗಟ್ಟಿಯಾಗಿದ್ದ ಹೆಂಗಸು. ಮೂವತ್ತು ವರ್ಷ ಹೊಲಿಗೆ ಅಂಗಡಿ ನಡೆಸಿದ್ದವರು. ಹಾಗಲಕಾಯಿಯನ್ನು ಮೊಟ್ಟೆಯ ಜೊತೆ ಹುರಿದು ಬಡಿಸಿದರು. ನಾನು ಬೆಲ್ಲ, ಹುಣಸೆಹಣ್ಣು ಹಾಕಿ ಗೊಜ್ಜು ಮಾಡಿಕೊಂಡು ಹೋಗಿದ್ದೆ. ಶೆನ್ ಸರ್ ಗೊಜ್ಜನ್ನು ಮೂರು ಸಲ ಹಾಕಿಸಿಕೊಂಡದ್ದನ್ನು ನೋಡಿ ಮೇ ಆಂಟಿ ನನ್ನ ಕಡೆ ತಿರುಗಿ, "ಇವರಿಗೆ ಹೊಸದು ಯಾವುದಿದ್ದರೂ ಸರಿ. ನನ್ನನ್ನ ಹೇಗೆ ಇಷ್ಟು ವರ್ಷ ಇಟ್ಕೊಂಡಿದಾರೋ ಗೊತ್ತಿಲ್ಲ," ಎಂದರು.

ಅದು ನಿಜವೇ ಆಗಿತ್ತು. ಶೆನ್ ಸರ್‌ಗೆ ಎರಡು ವರ್ಷಕ್ಕೊಮ್ಮೆ ಏನಾದರೂ ಹೊಸ ಹುಚ್ಚು ಹಿಡಿಯಬೇಕು. ಐವತ್ತೈದನೇ ವಯಸ್ಸಿನಲ್ಲಿ ಸಮುದ್ರಕ್ಕಿಳಿದು ಈಜು ಕಲಿತಿದ್ದರು. ಒಂದು ಚಳಿಗಾಲವಿಡೀ ಬ್ರೆಡ್ ಮಾಡಿ ಅಕ್ಕಪಕ್ಕದವರಿಗೆಲ್ಲ ಹಂಚಿದ್ದರು. ಬಿಡದೇ ಉಳಿಸಿಕೊಂಡದ್ದು ಎರಡು: ಈ ತರಕಾರಿ ಮಡಿ, ಮತ್ತು ಕುಂಚದ ಬರವಣಿಗೆ. ಅವರ ತಂದೆ ಚೀನಾದ ಒಂದು ಕಲ್ಲಿದ್ದಲು ಗಣಿಯ ಊರಿನಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದವರು. ಸಾವಿರಾರು ಅಕ್ಷರಗಳ ಮೊಳೆಗಳು ಯಾವ ಗೂಡಿನಲ್ಲಿವೆ ಎಂದು ಕಣ್ಣುಮುಚ್ಚಿ ಹೇಳುತ್ತಿದ್ದರಂತೆ. ಮಗನಿಗೆ ಅಕ್ಷರದ ಮೋಹ ಅಲ್ಲಿಂದಲೇ ಅಂಟಿತ್ತು.

ಅಂದು ಊಟವಾದ ಮೇಲೆ ಅವರು ನನ್ನ ನೋಟ್‌ಬುಕ್ಕಿನ ಅಂಚಿನಲ್ಲಿದ್ದ ಬರಹ ತೋರಿಸಿ, "ಇದೇನು? ತುಂಬಾ ದಿನದಿಂದ ಕೇಳಬೇಕು ಅಂತಿದ್ದೆ," ಎಂದರು. ತಲೆ ಬಿಸಿಯಾದಾಗ ಪಕ್ಕದಲ್ಲಿ ಕನ್ನಡದಲ್ಲಿ ಗೀಚಿಕೊಳ್ಳುವುದು ನನಗೆ ಮೊದಲಿನಿಂದ ಅಭ್ಯಾಸ. 'ಇಲ್ಲಿ ಏನೋ ಬಿಟ್ಟಿದೆ', 'ಮತ್ತೆ ನೋಡು', ಅಂಥವು. ಅವರು ಒಂದೊಂದು ಅಕ್ಷರವನ್ನೂ ಬೆರಳಿನಿಂದ ಸವರಿದರು. "ನಮ್ಮದು ಕಡ್ಡಿ ಜೋಡಿಸಿದ ಹಾಗೆ. ನಿಮ್ಮದು ಬಳ್ಳಿ ಸುತ್ತಿದ ಹಾಗೆ. ನನಗೆ ಕಲಿಸಿಕೊಡು."

ಆ ವರ್ಷದ ಹುಚ್ಚು ಕನ್ನಡವಾಯಿತು.

ವಾರಕ್ಕೆ ಐದು ಅಕ್ಷರ. ಬುಧವಾರ ನಮ್ಮ ಕೆಲಸದ ಮಾತು ಮುಗಿದ ಮೇಲೆ ಅವರು ಡ್ರಾಯರಿನಿಂದ ಕುಂಚ, ಮಸಿ ತೆಗೆದು ತೆಳುವಾದ ಕಾಗದದ ಮೇಲೆ ತಿದ್ದುವರು. 'ಅ' ಚೆಂದ ಬಂತು. 'ಳ'ದ ಜೊತೆ ಮೂರು ವಾರ ಹೋರಾಡಿದರು. ಒತ್ತಕ್ಷರ ಬಂದಾಗ ಕುಂಚ ಕೆಳಗಿಟ್ಟು, "ಒಂದರ ಕಾಲಡಿ ಇನ್ನೊಂದು ಕೂತಿರುತ್ತೆ. ಯಾರು ಕಂಡುಹಿಡಿದರೋ, ಅವರಿಗೆ ಜಾಗದ ಲೆಕ್ಕ ಚೆನ್ನಾಗಿ ಗೊತ್ತಿತ್ತು," ಎಂದರು. ಅವರು ತಿದ್ದಿದ ಹಾಳೆಗಳನ್ನು ಮನೆಗೆ ತಂದರೆ ಇಂಚರ ನೋಡಿ ಮುಖ ಉಬ್ಬಿಸಿಕೊಳ್ಳುತ್ತಿದ್ದಳು. ಅವಳಿಗಾಗ ಒಂಬತ್ತು. ಕನ್ನಡ ಅರ್ಥವಾಗುತ್ತಿತ್ತು, ಆದರೆ ಉತ್ತರವೆಲ್ಲ ಇಂಗ್ಲಿಷಿನಲ್ಲಿ.

"ಹಿಸ್ ಳ ಈಸ್ ಬೆಟರ್ ದ್ಯಾನ್ ಮೈನ್. ದಟ್ಸ್ ನಾಟ್ ಫೇರ್, ಅಮ್ಮಾ."

"ಹಾಗಾದ್ರೆ ನೀನೂ ಕೂತ್ಕೊಂಡು ಬರಿ."

ಬೈದು ಹೇಳಿದರೂ ಕೂರದವಳು ಹಟಕ್ಕೆ ಬಿದ್ದು ಕೂತಳು.

ಆ ಬುಧವಾರಗಳಲ್ಲೇ ಶೆನ್ ಸರ್ ತಮ್ಮ ಕತೆಯನ್ನು ಚೂರುಚೂರಾಗಿ ಹೇಳಿದರು. ಸ್ಕಾಲರ್‌ಶಿಪ್ ಸಿಕ್ಕಿ ಬ್ರಿಸ್ಬೇನ್‌ಗೆ ಬಂದಿಳಿದಾಗ ಅವರಿಗೆ ಇಪ್ಪತ್ತೈದು. ಇಂಗ್ಲಿಷ್ ಕಲಿತದ್ದು ಒಂದೇ ಒಂದು ಪಠ್ಯಪುಸ್ತಕದಿಂದ. ಅಲ್ಲಿನ ಸೇಂಟ್ ಲೂಸಿಯಾದ ಯೂನಿವರ್ಸಿಟಿಯಲ್ಲಿ ಅವರ ಗೈಡ್ ಆಗಿದ್ದವರು ಮಾರ್ಗರೆಟ್ ಎಂಬ ಹೆಂಗಸು. ಮೊದಲ ದಿನ ಬೆಳಿಗ್ಗೆ ಕಾರಿಡಾರಿನಲ್ಲಿ ಸಿಕ್ಕ ಮಾರ್ಗರೆಟ್, "ಸೀ ಯೂ ದಿಸ್ ಆರ್ವೋ," ಎಂದು ಹೇಳಿ ಹೋದರಂತೆ. ಇವರು ಡಿಕ್ಷನರಿ ತೆರೆದರೆ ಅಂಥ ಪದವೇ ಇಲ್ಲ. ಬಹುಶಃ ಕಟ್ಟಡದ ಹೆಸರಿರಬೇಕೆಂದುಕೊಂಡು 'ಆರ್ವೋ ಎಲ್ಲಿದೆ' ಎಂದು ಕೇಳುತ್ತಾ ಇಡೀ ಕ್ಯಾಂಪಸ್ ಅಲೆದು, ಸುಸ್ತಾಗಿ ಫೆರಿ ಕಟ್ಟೆಯ ಮೇಲೆ ಕೂತಿದ್ದಾರೆ. ಸಂಜೆ ಐದಕ್ಕೆ ಮಾರ್ಗರೆಟ್ ಮನೆಗೆ ಹೋಗುವ ದಾರಿಯಲ್ಲಿ ಇವರನ್ನು ಕಂಡು, ಪಕ್ಕದಲ್ಲೇ ಕೂತು, ಆರ್ವೋ ಅಂದರೆ ಮಧ್ಯಾಹ್ನ, ಸರ್ವೋ ಅಂದರೆ ಪೆಟ್ರೋಲ್ ಬಂಕ್, ಬಾರ್ಬಿ ಅಂದರೆ ಹಿತ್ತಿಲಲ್ಲಿ ಮಾಂಸ ಸುಡುವುದು ಎಂದು ಒಂದು ಪಟ್ಟಿ ಬರೆದುಕೊಟ್ಟರಂತೆ. ಮರುದಿನದಿಂದ ಎಲ್ಲವನ್ನೂ ನಿಧಾನವಾಗಿ ಹೇಳತೊಡಗಿದರಂತೆ.

ಅಲ್ಲೇ, ಮಾರ್ಗರೆಟ್ ಜೊತೆ ಸೇರಿ, ಅವರು ಆ ಪ್ರಬಂಧ ಬರೆದದ್ದು. ಪಾಳಿ ಹಂಚುವ ಒಂದು ಸುಲಭ ವಿಧಾನ, ಅದಕ್ಕೊಂದು ಖಾತ್ರಿ. ಎಲ್ಲಕ್ಕಿಂತ ಒಳ್ಳೆಯ ಪಟ್ಟಿಯಲ್ಲಿ ಯಾರಾದರೊಬ್ಬರ ಮೇಲೆ ಹೆಚ್ಚೆಂದರೆ ಹತ್ತು ಗಂಟೆ ಹೊರೆ ಬೀಳುತ್ತದೆ ಎನ್ನಿ, ಈ ವಿಧಾನದ ಪಟ್ಟಿಯಲ್ಲಿ ಅದು ಇಪ್ಪತ್ತನ್ನು ದಾಟುವುದಿಲ್ಲ. ಎರಡು ಪಟ್ಟು, ಅದಕ್ಕಿಂತ ಹೆಚ್ಚಿಲ್ಲ. ಅದನ್ನು ಹನ್ನೊಂದನೇ ಪುಟದಲ್ಲಿ ಆರೇ ಸಾಲುಗಳಲ್ಲಿ ಸಾಧಿಸಿ ತೋರಿಸಿದ್ದರು. ಆ ಪ್ರಬಂಧದ ಬಲದ ಮೇಲೆ ಪರ್ತ್‌ನ ಒಂದು ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಪರ್ತ್‌ನಲ್ಲಿ ಮದುವೆ, ಮಗಳು. ಐದು ವರ್ಷಕ್ಕೆ ಆ ವಿಭಾಗವೇ ಮುಚ್ಚಿಹೋಗಿ, ಒಂದು ವರ್ಷ ಬೇಕರಿಯ ವ್ಯಾನ್ ಓಡಿಸಿದರು. "ದಿನಾ ಬೆಳಿಗ್ಗೆ ಬ್ರೆಡ್ ಇಳಿಸಿ, ಸಮುದ್ರದ ಮುಂದೆ ವ್ಯಾನ್ ನಿಲ್ಲಿಸಿಕೊಂಡು ಲೆಕ್ಕ ಮಾಡ್ತಿದ್ದೆ. ಎದುರಿಗೆ ನಿಮ್ಮ ಇಂಡಿಯಾ. ಕಾಣುತ್ತಿರಲಿಲ್ಲ ಅಷ್ಟೆ." ಆಮೇಲೆ ಅದೇ ಪ್ರಬಂಧ ಅವರನ್ನು ಅಡಿಲೇಡ್‌ಗೆ ಕರೆಸಿಕೊಂಡಿತು.

ನನ್ನ ಪಿಎಚ್‌ಡಿ ನಿಂತಿದ್ದದ್ದೂ ಅದೇ ಹನ್ನೊಂದನೇ ಪುಟದ ಮೇಲೆ.

ಏಪ್ರಿಲ್ ಕೊನೆಯ ಒಂದು ಭಾನುವಾರ ಮಧ್ಯಾಹ್ನ. ಪ್ರಶಾಂತ್ ಡ್ಯೂಟಿಯಲ್ಲಿದ್ದರು, ಇಂಚರ ಗೆಳತಿಯ ಮನೆಗೆ ಹೋಗಿದ್ದಳು. ಎರಡು ದಿನದಿಂದ ನನ್ನ ಪ್ರೋಗ್ರಾಮ್ ಒಂದು ವಿಚಿತ್ರ ಉತ್ತರ ಕೊಡುತ್ತಿತ್ತು. ಪ್ರೋಗ್ರಾಮಿನಲ್ಲಿ ದೋಷವಿದೆಯೆಂದೇ ಹುಡುಕುತ್ತಿದ್ದೆ. ಕೊನೆಗೆ ಕಂಪ್ಯೂಟರ್ ಮುಚ್ಚಿಟ್ಟು, ಅಡುಗೆಮನೆಯ ಮೇಜಿನ ಮೇಲೆ ರಾಜ್ಮಾ ಕಾಳು ಸುರಿದುಕೊಂಡು ಕೈಯಲ್ಲೇ ಲೆಕ್ಕ ಹಾಕಿದೆ. ನಾಲ್ಕು ಬಟ್ಟಲೆಂದರೆ ನಾಲ್ವರು ನರ್ಸ್‌ಗಳು, ಒಂದೊಂದು ಕಾಳೂ ಒಂದೊಂದು ಗಂಟೆ. ಒಳ್ಳೆಯ ಪಟ್ಟಿಯಲ್ಲಿ ಹೆಚ್ಚೆಂದರೆ ಎರಡು ಗಂಟೆ ಹೊರೆ. ಶೆನ್ ಸರ್ ವಿಧಾನದಲ್ಲಿ ಒಬ್ಬಳ ಬಟ್ಟಲಿಗೆ ಐದು ಕಾಳು ಬಿದ್ದವು. ನಾಲ್ಕನ್ನು ದಾಟಬಾರದಿತ್ತು. ಕಾಳು ಬಾಚಿ ಮತ್ತೆ ಹಾಕಿದೆ. ಐದು. ಮತ್ತೆ ಹಾಕಿದೆ. ಐದೇ.

ಪ್ರಬಂಧದ ಹನ್ನೊಂದನೇ ಪುಟ ತೆಗೆದು ಆರೂ ಸಾಲುಗಳನ್ನು ಬೆರಳಿಟ್ಟು ಓದಿದೆ. ನಾಲ್ಕನೇ ಸಾಲಿನಲ್ಲಿ, 'ಇದರಿಂದ ಸ್ಪಷ್ಟವಾಗಿ' ಎಂದು ಶುರುವಾಗುವ ಕಡೆ, ಏನೂ ಸ್ಪಷ್ಟವಿರಲಿಲ್ಲ. ಇಷ್ಟು ವರ್ಷ ಎಲ್ಲರೂ ಆ ಸಾಲನ್ನು ತಲೆಯಾಡಿಸಿ ದಾಟಿದ್ದರು. ನಾನೂ ಹಾಗೇ ದಾಟಿದ್ದವಳು. ಪೆನ್ಸಿಲ್ ತೆಗೆದುಕೊಂಡು ಅಂಚಿನಲ್ಲಿ ಒಂದೇ ಪದ ಬರೆದೆ: ತಪ್ಪು.

ಬರೆದ ಮೇಲೆ ಕಾಳನ್ನೆಲ್ಲ ಬಾಚಿ ಡಬ್ಬಕ್ಕೆ ತುಂಬಿದೆ.

ಸಂಜೆ ಪ್ರಶಾಂತ್ ಬಂದಾಗ ಹೇಳಿದೆ. ಅವರು ಶೂ ಬಿಚ್ಚುತ್ತಾ ಕೇಳಿಸಿಕೊಂಡರು.

"ಗ್ಯಾರಂಟೀನಾ?"

"ಹತ್ತು ಸಲ ನೋಡಿದೀನಿ."

"ಹೇಳ್ಬಿಡು ವಸು. ನಾಳೇನೇ ಹೇಳ್ಬಿಡು."

"ಹೇಗೆ ಹೇಳ್ಲಿ? ಆರು ತಿಂಗಳಿಗೆ ರಿಟೈರ್ ಆಗ್ತಿದಾರೆ. ಬೀಳ್ಕೊಡುಗೆ ಉಪನ್ಯಾಸಕ್ಕೆ ಅದೇ ಪೇಪರ್ ಬಗ್ಗೆ ಮಾತಾಡಿ ಅಂತ ಎಲ್ಲರೂ ಕೇಳಿದಾರೆ. ನನ್ನನ್ನ ಒಳಗೆ ಕರ್ಕೊಂಡವರು ಅವರೊಬ್ಬರೇ."

"ಅದಕ್ಕೇ ಹೇಳ್ಬೇಕು," ಎಂದರು ಪ್ರಶಾಂತ್. ನನಗೆ ಸಿಟ್ಟು ಬಂತು. ಆಪರೇಷನ್ ಥಿಯೇಟರಿನಲ್ಲಿ ತಪ್ಪು ಕಂಡರೆ ಅಲ್ಲಿಂದಲೇ ಕೂಗುವವರಿಗೆ ಇದೆಲ್ಲ ಸುಲಭ ಅನಿಸಿತು.

ಮೂರು ವಾರ ನಾನು ಬಾಯಿ ಬಿಡಲಿಲ್ಲ. ಬುಧವಾರ ಹೋಗುವುದು, ಬೇರೇನೋ ತೋರಿಸುವುದು, ಬರುವುದು. ಅವರು ಕುಂಚ ತೆಗೆದಾಗ ಮಾತ್ರ ಸ್ವಲ್ಪ ಉಸಿರಾಡುತ್ತಿದ್ದೆ. ಮೇ ತಿಂಗಳ ಮೊದಲ ಮಳೆ ಬಂತು, ಬಂಗಾರದ ಬಣ್ಣಕ್ಕೆ ಒಣಗಿದ್ದ ಹುಲ್ಲಿನ ಕೆಳಗಿಂದ ಹಸಿರು ಇಣುಕಿತು. ಅದೇ ವಾರ ನಾನು ಚಹಾ ತರಲು ಎದ್ದುಹೋದಾಗ ಮೇಜಿನ ಮೇಲೆ ನನ್ನ ಫೈಲು ತೆರೆದೇ ಇತ್ತು. ಎರಡು ಲೋಟ ಹಿಡಿದು ವಾಪಸ್ ಬಂದರೆ, ಶೆನ್ ಸರ್ ಕನ್ನಡಕ ಹಣೆಗೇರಿಸಿ ಹನ್ನೊಂದನೇ ಪುಟದ ಮೇಲೆ ಬಗ್ಗಿದ್ದರು.

"ತ..." ಎಂದರು. "ಪ. ಅದರ ಕೆಳಗೆ ಇನ್ನೊಂದು ಪ. ಪ್ಪು." ಚಿಕ್ಕ ಮಕ್ಕಳಂತೆ ತಲೆ ಎತ್ತಿ ನೋಡಿದರು. "ತಪ್ಪು! ಸರಿ ಓದಿದೆನಾ? ಯಾರ ಸಹಾಯವೂ ಇಲ್ಲದೆ ನಾನೇ ಓದಿದ ಮೊದಲ ಪದ. ಏನು ಹಾಗಂದರೆ?"

ನಾನು ಲೋಟಗಳನ್ನು ಹಿಡಿದು ನಿಂತೇ ಇದ್ದೆ. ಸುಳ್ಳು ಹೇಳಲು ಒಂದು ಗಳಿಗೆ ಸಮಯವಿತ್ತು. ಆಗಲಿಲ್ಲ. ಇಂಗ್ಲಿಷಿನಲ್ಲಿ ಅರ್ಥ ಹೇಳಿದೆ.

ಅವರ ಮುಖದ ನಗು ಒಮ್ಮೆಲೇ ಹೋಗಲಿಲ್ಲ. ಪುಟ ನೋಡಿದರು, ನನ್ನನ್ನು ನೋಡಿದರು. "ತೋರಿಸು," ಎಂದರು.

ಬೋರ್ಡಿನ ಮೇಲೆ ನಾಲ್ವರು ನರ್ಸ್‌ಗಳನ್ನು ಬರೆದೆ, ಪಾಳಿಗಳನ್ನು ಬರೆದೆ. ಐದನೇ ಗಂಟೆ ಕೊನೆಯವಳ ಹೆಸರಿನ ಮುಂದೆ ಬಿದ್ದಾಗ ತಿರುಗಿ ನೋಡಿದೆ. ಶೆನ್ ಸರ್ ಕುಂಚವನ್ನು ತೊಳೆದು, ಬಟ್ಟೆಯಲ್ಲಿ ಒರೆಸಿ, ಡ್ರಾಯರಿನಲ್ಲಿಟ್ಟರು. "ಇವತ್ತಿಗೆ ಸಾಕು," ಎಂದು ಚೀಲ ತೆಗೆದುಕೊಂಡು ಹೊರಟುಹೋದರು. ಆರಿದ ಚಹಾದ ಎರಡೂ ಲೋಟ ಮೇಜಿನ ಮೇಲಿದ್ದವು.

ನಾಲ್ಕು ದಿನ ಅವರು ಬರಲಿಲ್ಲ. ಐದನೇ ದಿನ ಮೇ ಆಂಟಿ ಫೋನ್ ಮಾಡಿ, "ಬಾ. ಹಿತ್ತಿಲಲ್ಲಿದಾರೆ," ಎಂದಷ್ಟೇ ಹೇಳಿ ಇಟ್ಟರು. ಮಾಸನ್ ಲೇಕ್ಸ್‌ನಿಂದ ಕಿಲ್ಬರ್ನ್‌ಗೆ ರೈಲಿನಲ್ಲಿ ಎರಡೇ ನಿಲ್ದಾಣ. ಆ ಹತ್ತು ನಿಮಿಷದಲ್ಲಿ ನಾನು ಪಿಎಚ್‌ಡಿ ಬಿಟ್ಟು ಏನು ಮಾಡಬಹುದೆಂದು ಪೂರ್ತಿ ಯೋಚಿಸಿ ಮುಗಿಸಿದ್ದೆ.

ಶೆನ್ ಸರ್ ಒಣಗಿದ ಹಾಗಲ ಬಳ್ಳಿಗಳನ್ನು ಚಪ್ಪರದಿಂದ ಕಿತ್ತು ರಾಶಿ ಹಾಕುತ್ತಿದ್ದರು. ನಾನೂ ಒಂದು ತುದಿ ಹಿಡಿದು ಎಳೆಯತೊಡಗಿದೆ.

"ಯಾವಾಗ ಕಂಡೆ?"

"ಮೂರು ವಾರ ಆಯ್ತು, ಸರ್."

"ಮೂರು ವಾರ!" ಎಂದರು. ಅವರಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಮೂರು ಬುಧವಾರ ನನ್ನೆದುರು ಕೂತು ನೀನು 'ಳ' ತಿದ್ದಿಸಿದೆ!"

"ನಿಮಗೆ ನೋವಾಗುತ್ತೆ ಅಂತ..."

"ನೋವಾಯ್ತು. ಈಗೇನು ಮಾಡೋಣ?"

ಇಬ್ಬರೂ ಬಳ್ಳಿ ಎಳೆದೆವು. ಒಂದು ಕಟ್ಟನ್ನು ರಾಶಿಗೆ ಎಸೆದು ಅವರೇ ಮಾತಾಡಿದರು. "ಈ ನಾಲ್ಕು ದಿನ ಏನು ಮಾಡಿದೆ ಗೊತ್ತಾ? ನಿನ್ನ ಉದಾಹರಣೇಲಿ ತಪ್ಪು ಹುಡುಕಿದೆ. ಸಿಗಲಿಲ್ಲ. ಆಮೇಲೆ ಒಂದು ದಿನ ಪೂರ್ತಿ, ಆರು ತಿಂಗಳು ಸುಮ್ಮನಿದ್ದುಬಿಟ್ಟರೆ ಹೇಗೆ ಅಂತ ಯೋಚಿಸಿದೆ. ಈ ದೇಶದಲ್ಲಿ ನಾನು ಕಾಲೂರಿದ್ದೇ ಆ ಪುಟದ ಮೇಲೆ, ವಸುಧಾ."

ಅಡುಗೆಮನೆಯ ಕಿಟಕಿಯಿಂದ ಮೇ ಆಂಟಿಯ ಧ್ವನಿ ಬಂತು. "ಹಾಗಾದ್ರೆ ಆರು ತಿಂಗಳು ನಾನೂ ಅಡುಗೆ ಮಾಡಲ್ಲ ಅಂದೆ. ಅದನ್ನೂ ಹೇಳಿ."

ಶೆನ್ ಸರ್ ಅಂದು ಮೊದಲ ಸಲ ನಕ್ಕರು. ಕೈಗೆ ಮೆತ್ತಿದ ಮಣ್ಣನ್ನು ಪ್ಯಾಂಟಿಗೆ ಒರೆಸಿಕೊಂಡು ಹೇಳಿದರು: "ಮೊದಲು ಮಾರ್ಗರೆಟ್‌ಗೆ ಹೇಳಬೇಕು. ಅವರ ಹೆಸರೂ ಇದೆ. ಫೋನಿನಲ್ಲಿ ಹೇಳೋ ಮಾತಲ್ಲ ಇದು. ನೀನೂ ಬಾ, ನಿನ್ನ ಉದಾಹರಣೆ ನೀನೇ ಹೇಳು."

ಜುಲೈನಲ್ಲಿ ಬ್ರಿಸ್ಬೇನ್‌ಗೆ ಹೋದೆವು. ಅಡಿಲೇಡ್‌ನಲ್ಲಿ ಕಾರಿನ ಗಾಜಿನ ಮೇಲೆ ಹಿಮ ಕಟ್ಟುತ್ತಿದ್ದ ದಿನಗಳು. ಅಲ್ಲಿ ಇಳಿದರೆ ಸ್ವೆಟರ್ ಬಿಚ್ಚುವಂಥ ಬಿಸಿಲು. ಮಾರ್ಗರೆಟ್ ಮನೆ ಸೇಂಟ್ ಲೂಸಿಯಾದಲ್ಲಿ, ನದಿಯಿಂದ ಮೇಲೆ ಏರುವ ಬೀದಿಯಲ್ಲಿತ್ತು. ಎಂಬತ್ತು ದಾಟಿದ ಮುದುಕಿ. ಕಣ್ಣು ಮುಕ್ಕಾಲುಪಾಲು ಹೋಗಿತ್ತು. ಬಾಗಿಲು ತೆರೆದು ಶೆನ್ ಸರ್ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, "ಬೋ, ಇನ್ನೂ ತೆಳ್ಳಗಾಗಿದೀಯಾ," ಎಂದರು.

ಕಾಗದ ತೋರಿಸುವಂತಿರಲಿಲ್ಲ. ವರಾಂಡದ ಮೇಜಿನ ಮೇಲಿದ್ದ ಚಹಾದ ಬಸಿಗಳನ್ನು ಸಾಲಾಗಿಟ್ಟು, ಬುಟ್ಟಿಯಲ್ಲಿದ್ದ ಪುಟ್ಟ ಕಿತ್ತಳೆಗಳನ್ನು ಒಂದೊಂದಾಗಿ ಅವುಗಳ ಮೇಲಿಡುತ್ತಾ ನಾನು ಉದಾಹರಣೆ ವಿವರಿಸಿದೆ. ಮಾರ್ಗರೆಟ್ ಬೆರಳಿನಿಂದ ಪ್ರತಿ ಬಸಿಯನ್ನೂ ಮುಟ್ಟಿ ನೋಡಿದರು. ಕೊನೆಯ ಬಸಿಯಲ್ಲಿ ಐದು ಹಣ್ಣು ಹಿಡಿಸದೆ ಒಂದು ಉರುಳಿತು. ಅವರು ಅದನ್ನು ತಡೆದು ಕೈಯಲ್ಲೇ ಹಿಡಿದುಕೊಂಡರು.

ಶೆನ್ ಸರ್ ಕುರ್ಚಿಯ ತುದಿಗೆ ಬಂದು ಕೂತಿದ್ದರು. "ಕ್ಷಮಿಸಿ, ಮಾರ್ಗರೆಟ್. ನನ್ನಿಂದ ನಿಮ್ಮ ಹೆಸರಿಗೆ..."

"ಸುಮ್ಮನಿರು," ಎಂದರು ಮಾರ್ಗರೆಟ್. ನದಿಯ ಕಡೆ ಮುಖ ಮಾಡಿದರು. "ಹನ್ನೊಂದನೇ ಪುಟ ನೀನು ಬರೆದದ್ದಲ್ಲ, ಬೋ. ನಾನು ಬರೆದದ್ದು."

ಶೆನ್ ಸರ್‌ಗೆ ಅರ್ಥವಾಗಲಿಲ್ಲ.

"ನೀನು ತಂದದ್ದು ಒಂಬತ್ತು ಪುಟ. ಉದ್ದ, ಗಂಟುಗಂಟು. ಅದರಲ್ಲಿ ನೀನು ಮೂರು ಪಟ್ಟು ಅಂತ ತೋರಿಸಿದ್ದೆ. ನಾನು ಒಂದು ರಾತ್ರಿ ಕೂತು ಅದನ್ನ ಆರು ಸಾಲು ಮಾಡಿ, ಎರಡು ಪಟ್ಟೇ ಸಾಕು, ನೋಡು ಎಷ್ಟು ಚೆಂದ ಅಂದೆ. ನೀನು ಏನೋ ಹೇಳೋಕೆ ಬಾಯಿ ತೆರೆದೆ. ಮತ್ತೆ ಥ್ಯಾಂಕ್ಯೂ ಅಂದುಬಿಟ್ಟೆ." ಕಿತ್ತಳೆಯನ್ನು ಬೆರಳುಗಳಲ್ಲಿ ತಿರುಗಿಸಿದರು. "ನಾನು ಕೇಳಬೇಕಾಗಿತ್ತು. ಏನು ಹೇಳೋಕೆ ಹೊರಟೆ ಅಂತ ಒಂದು ಮಾತು ಕೇಳಬೇಕಾಗಿತ್ತು."

ಶೆನ್ ಸರ್ ಎದ್ದು ಹೋಗಿ ಅವರ ಕಾಲ ಬಳಿಯ ಮೆಟ್ಟಿಲ ಮೇಲೆ ಕೂತು, ಅವರ ಕೈಯಲ್ಲಿದ್ದ ಕಿತ್ತಳೆ ತೆಗೆದುಕೊಂಡು ಸುಲಿದರು. ಒಂದೊಂದೇ ತೊಳೆ ಬಿಡಿಸಿ ಮಾರ್ಗರೆಟ್ ಅಂಗೈಯಲ್ಲಿಟ್ಟರು. ನಾನು ಬಸಿಗಳನ್ನು ಎತ್ತಿಕೊಂಡು ಒಳಗೆ ಹೋದೆ.

ಮಧ್ಯಾಹ್ನ ಫೆರಿಯಲ್ಲಿ ಊರೊಳಕ್ಕೆ ಬರುವಾಗ ಅವರು ಕಟಕಟೆಗೆ ಒರಗಿ ನಿಂತಿದ್ದರು. "ನನಗೆ ಪೂರ್ತಿ ಮರೆತುಹೋಗಿತ್ತು," ಎಂದರು. "ಈಗ ನೆನಪಾಗ್ತಿದೆ. ಆ ಆರು ಸಾಲು ನೋಡಿದಾಗ ಏನೋ ಅನುಮಾನ ಬಂದಿತ್ತು. ಆದರೆ ಅನುಮಾನ ಗಣಿತದ್ದೋ ನನ್ನ ಇಂಗ್ಲಿಷಿನದ್ದೋ ಗೊತ್ತಾಗಲಿಲ್ಲ. ಇಂಗ್ಲಿಷಿನದ್ದೇ ಇರಬೇಕು ಅಂದುಕೊಂಡೆ." ನೀರಿನ ಕಡೆ ನೋಡುತ್ತಾ ಸೇರಿಸಿದರು: "ಆಗ ನಾನೂ ನಿನ್ನ ಹಾಗೆ ಅಂಚಿನಲ್ಲಿ ನಮ್ಮ ಭಾಷೇಲೇ ಬರೆದುಕೊಳ್ತಿದ್ದೆ. ಕ್ರಮೇಣ ಬಿಟ್ಟೆ. ಬಿಡಬಾರದಿತ್ತು."

ಅಡಿಲೇಡ್‌ಗೆ ಮರಳಿದ ವಾರವೇ ಹಿತ್ತಿಲ ಶೆಡ್ಡಿನಲ್ಲಿ ಹುಡುಕಾಟ ಶುರುವಾಯಿತು. ಪರ್ತ್‌ನಿಂದ ತಂದು ಬಿಚ್ಚದೇ ಇಟ್ಟಿದ್ದ ಡಬ್ಬಗಳು, ಮೇ ಆಂಟಿಯ ಹಳೆಯ ಬಟ್ಟೆ ಕಟ್ಟುಗಳು, ಮಗಳ ಮೂರು ಚಕ್ರದ ಸೈಕಲ್ಲು. ಮೂರನೇ ದಿನ ಒಂದು ನೀಲಿ ರಟ್ಟಿನ ನೋಟ್‌ಬುಕ್ ಸಿಕ್ಕಿತು. ಒಂಬತ್ತು ಪುಟಗಳಲ್ಲಿ ಏಳು ಇದ್ದವು, ಎರಡನ್ನು ಗೆದ್ದಲು ತಿಂದಿತ್ತು. ಶೆನ್ ಸರ್ ಚೀನೀ ಭಾಷೆಯ ಆ ಪುಟಗಳನ್ನು ಗಟ್ಟಿಯಾಗಿ ಓದಿ ಇಂಗ್ಲಿಷಿನಲ್ಲಿ ಹೇಳುವರು, ನಾನು ಬೋರ್ಡಿನ ಮೇಲೆ ಬರೆಯುವೆ. ಇಪ್ಪತ್ತೆಂಟು ವರ್ಷದ ಆ ಹುಡುಗನ ಧೈರ್ಯ ನೋಡಿ ಅವರೇ ಎಷ್ಟೋ ಸಲ ತಲೆದೂಗಿದರು. ಹೋದ ಎರಡು ಪುಟಗಳನ್ನು ಮಾತ್ರ ನಾವೇ ಕಟ್ಟಬೇಕಿತ್ತು.

ಆಗಸ್ಟ್ ಅದರಲ್ಲೇ ಹೋಯಿತು. ನಾಲ್ಕು ಸಲ ಮುಗಿಯಿತು ಅಂದುಕೊಂಡೆವು, ನಾಲ್ಕು ಸಲವೂ ಎಲ್ಲೋ ಒಂದು ಕಡೆ ಸೋರಿತು. ಈಗ ಸೋರಿದ್ದು ಕಂಡ ತಕ್ಷಣ ನಾನು ಹೇಳುತ್ತಿದ್ದೆ. "ಸರ್, ಇಲ್ಲಿ ಸರಿಯಿಲ್ಲ." ಮೊದಮೊದಲು ಹೇಳಲು ಕಷ್ಟವಾಯಿತು, ಆಮೇಲೆ ಅಭ್ಯಾಸವಾಯಿತು. ಅವರೂ ನನ್ನ ಸಾಲುಗಳಿಗೆ ಅದನ್ನೇ ಹೇಳುತ್ತಿದ್ದರು, ಅದೂ ಕನ್ನಡದಲ್ಲಿ: "ತಪ್ಪು!" ಇಡೀ ಕಾರಿಡಾರಿಗೆ ಆ ಪದದ ಪರಿಚಯವಾಯಿತು. ಪ್ರತಿ ಶುಕ್ರವಾರ ಮಾರ್ಗರೆಟ್‌ಗೆ ಫೋನಿನಲ್ಲಿ ವರದಿ. ಅವರು ಕೇಳಿಸಿಕೊಂಡು, ಪ್ರತಿ ಸಲ ಕೊನೆಗೆ, "ಬೋ, ಇನ್ನೇನಾದ್ರೂ ಹೇಳೋದಿದೆಯಾ?" ಎಂದು ಕೇಳುವುದನ್ನು ಮರೆಯುತ್ತಿರಲಿಲ್ಲ.

ಸೆಪ್ಟೆಂಬರ್ ನಡುವಿನಲ್ಲಿ, ಶೆನ್ ಸರ್ ಹೊಸ ಹಾಗಲ ಬೀಜಗಳನ್ನು ನೆನೆಹಾಕಿದ ವಾರ, ಕೊನೆಯ ತೂತು ಮುಚ್ಚಿತು. ಮೂರು ಪಟ್ಟು. ಎರಡರಷ್ಟು ಚೆಂದವಿಲ್ಲ, ಆದರೆ ನಿಲ್ಲುತ್ತದೆ. ನನ್ನ ಪಿಎಚ್‌ಡಿಗೂ ಅದು ಸಾಕಾಗಿತ್ತು. ಮೂವರ ಹೆಸರಿನಲ್ಲಿ ತಿದ್ದುಪಡಿ ಬರೆದೆವು. ಯಾರ ಹೆಸರು ಮೊದಲು ಎಂಬ ಮಾತು ಬಂದಾಗ ಶೆನ್ ಸರ್ ಚರ್ಚೆಗೇ ಅವಕಾಶ ಕೊಡಲಿಲ್ಲ. "ತಪ್ಪು ನಮ್ಮಿಬ್ಬರದು. ಅದು ನಿನ್ನ ಕಣ್ಣಿಗೆ ಬಿತ್ತು. ನಿನ್ನದೇ ಮೊದಲು." ಮಾರ್ಗರೆಟ್ ಫೋನಿನಿಂದಲೇ, "ಹಿಯರ್, ಹಿಯರ್," ಎಂದು ಒಪ್ಪಿಗೆ ಕೂಗಿದರು.

ನವೆಂಬರಿನಲ್ಲಿ, ಅಡಿಲೇಡ್‌ನ ಬೀದಿಗಳೆಲ್ಲ ಜಕರಂಡ ಹೂವಿನಿಂದ ನೇರಳೆಯಾಗಿದ್ದಾಗ, ಬೀಳ್ಕೊಡುಗೆ ಉಪನ್ಯಾಸ ನಡೆಯಿತು. ಮಾಸನ್ ಲೇಕ್ಸ್‌ನ ದೊಡ್ಡ ಹಾಲ್ ತುಂಬಿತ್ತು. ಬೇರೆ ಊರುಗಳಿಂದ ಅವರ ಹಳೆಯ ವಿದ್ಯಾರ್ಥಿಗಳು ಬಂದಿದ್ದರು. ಮೇ ಆಂಟಿ ತಾವೇ ಹೊಲಿದ ಬೂದು ಕೋಟನ್ನು ಅವರಿಗೆ ತೊಡಿಸಿದ್ದರು. ನಾನು, ಪ್ರಶಾಂತ್, ಇಂಚರ ಮುಂದಿನ ಸಾಲಿನಲ್ಲಿ ಕೂತಿದ್ದೆವು.

ಶೆನ್ ಸರ್ ಪೀಠಿಕೆ ಹಾಕಲಿಲ್ಲ. "ನೀವೆಲ್ಲ ನನ್ನ ಹಳೆಯ ಪ್ರಬಂಧದ ಬಗ್ಗೆ ಕೇಳೋಕೆ ಬಂದಿದೀರಿ. ಅದರ ಹನ್ನೊಂದನೇ ಪುಟ ತಪ್ಪು," ಎಂದು ಶುರುಮಾಡಿದರು. ಹಾಲ್‌ನಲ್ಲಿ ಕೆಲವರು ನಕ್ಕರು, ತಮಾಷೆಯೆಂದುಕೊಂಡು. ಅವರು ಕಾದರು. ನಗು ನಿಂತಮೇಲೆ ಎಲ್ಲವನ್ನೂ ಹೇಳಿದರು: ಆರು ಸಾಲು, ಒಂಬತ್ತು ಪುಟ, ಹೇಳದೆ ಉಳಿದ ಅನುಮಾನ, ದಿನವಿಡೀ ಹುಡುಕಿದ ಆರ್ವೋ. ಮಾರ್ಗರೆಟ್ ತಮ್ಮ ಹೆಸರನ್ನು ಬಿಡದೆ ಹೇಳಲೇಬೇಕೆಂದು ಹಟ ಹಿಡಿದಿದ್ದರು, ಅದನ್ನೂ ಹೇಳಿದರು. ಹೊಸ ಫಲಿತಾಂಶವನ್ನು ಬೋರ್ಡಿನ ಮೇಲೆ ಬರೆದು ಮುಗಿಸಿದಾಗ ಚಪ್ಪಾಳೆ ಶುರುವಾಗಿ ನಿಲ್ಲಲೇ ಇಲ್ಲ. ಮೇ ಆಂಟಿ ಕಣ್ಣೊರೆಸಿಕೊಳ್ಳುವುದನ್ನು ಕಂಡು ಇಂಚರ ತನ್ನ ಕರ್ಚೀಫು ಕೊಟ್ಟು, "ಅಳ್ಬೇಡಿ ಆಂಟಿ," ಎಂದಳು. ಮೇ ಆಂಟಿಗೆ ಅರ್ಥವಾಗದ ಭಾಷೆಯಲ್ಲಿ, ಅಪ್ಪಟ ಕನ್ನಡದಲ್ಲಿ.

ಪ್ರಶ್ನೆಗಳ ಸಮಯ ಬಂತು. ಹಿಂದಿನ ಸಾಲಿನಿಂದ ಒಬ್ಬ ಹಿರಿಯ ಪ್ರೊಫೆಸರ್ ಎದ್ದು ನಿಂತರು. ಕುಹಕವಿಲ್ಲದೆ, ಮೆಲ್ಲಗೆ ಕೇಳಿದರು. "ಹೋದ ಸಲವೂ ಸರಿಯಾಗಿದೆ ಅಂತಲೇ ಎಲ್ಲರೂ ನಂಬಿದ್ದೆವು. ಈ ಸಲ ಸರಿಯಾಗಿದೆ ಅಂತ ಏನು ಗ್ಯಾರಂಟಿ?"

ಶೆನ್ ಸರ್ ನನ್ನ ಕಡೆ ನೋಡಿದರು. ಕೇಳುವ ನೋಟವೂ ಅಲ್ಲ, ಒತ್ತಾಯವೂ ಅಲ್ಲ. ನಾನು ಏನು ಹೇಳಲಿದ್ದೇನೋ ಅದನ್ನು ಕೇಳಲು ಅವರಿಗೆ ಬೇಕಾದಷ್ಟು ಸಮಯವಿದೆ ಎನ್ನುವ ಹಾಗೆ ನಿಂತಿದ್ದರು.

ನಾನು ಎದ್ದೆ. ಸೀರೆಯ ನೆರಿಗೆ ಸರಿಮಾಡಿಕೊಂಡು ಮೂರು ಮೆಟ್ಟಿಲು ಹತ್ತಿದೆ. "ನಾನು ತೋರಿಸ್ತೀನಿ," ಎಂದೆ, ಮೈಕಿಲ್ಲದೆಯೂ ಹಿಂದಿನ ಸಾಲಿಗೆ ಕೇಳುವಷ್ಟು ಜೋರಾಗಿ. ಶೆನ್ ಸರ್ ಮಾರ್ಕರ್ ಪೆನ್ನನ್ನು ನನ್ನ ಕೈಗಿಟ್ಟು, ಕೆಳಗಿಳಿದು ಹೋಗಿ, ಪ್ರಶಾಂತ್ ಮತ್ತು ಇಂಚರಳ ನಡುವೆ ಖಾಲಿಯಿದ್ದ ನನ್ನ ಕುರ್ಚಿಯಲ್ಲಿ ಕೂತರು. ಕನ್ನಡಕ ಏರಿಸಿಕೊಂಡು ಬೋರ್ಡಿನ ಕಡೆ ನೋಡಿದರು.

ನಾನು ಮೊದಲನೇ ಸಾಲಿನಿಂದ ಶುರುಮಾಡಿದೆ.